ಅಂತರರಾಷ್ಟ್ರೀಯ ಶಾಲೆಯಲ್ಲಿ ಅಧ್ಯಾಪಕನ ಸ್ಥಾನ: ಒಂದು ಚಾರಿತ್ರಿಕ ವಿಮರ್ಶೆ

೧

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಮೊದಲಾದ ತಾಲ್ಲೂಕುಗಳನ್ನೊಳಗೊಂಡು ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯು ರಚಿತವಾದಾಗ ‘ಗ್ರಾಮಾಂತರ’ವೆಂಬ ಹೆಸರು ಆ ಸೀಮೆಗೆ ಅನ್ವರ್ಥವಾಗಿಯೇ ಇತ್ತು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ದೇವನಹಳ್ಳಿಯ ಚಕ್ಕೋತ, ದೊಡ್ಡಬಳ್ಳಾಪುರದ ಮಗ್ಗ, ಹೊಸಕೋಟೆಯ ಕೆರೆ, ಇವೇ ಆ ಪ್ರಾಂತದ ಗುರುತುಗಳಾಗಿದ್ದುವು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಆ ಗುರುತುಗಳು ಬಹುಬೇಗ ಬದಲಾದುವು. ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ಮಾರ್ಗದ ಆಸುಪಾಸಿನಲ್ಲಿ ಅಂತರರಾಷ್ಟ್ರೀಯ ಶಾಲೆಗಳು ತಲೆಯೆತ್ತಿದುವು. ಸ್ಟೋನ್‌ಹಿಲ್ ಶಾಲೆಯು ವಿಮಾನ ನಿಲ್ದಾಣದ ವರ್ಷದಲ್ಲಿಯೇ ಸ್ಥಾಪಿತವಾಯಿತು. ಇಂಗ್ಲೆಂಡಿನ ಪ್ರಾಚೀನ ಶಾಲೆಯಾದ ಹ್ಯಾರೋವಿನ ಹೆಸರನ್ನು ಹೊತ್ತ ಶಾಲೆಯೊಂದು ೨೦೨೩ರಲ್ಲಿ ದೇವನಹಳ್ಳಿಯ ಸಮೀಪದಲ್ಲಿ ಆರಂಭವಾಯಿತು. ಇವುಗಳನ್ನು ನಾವು ಕಾಲದ ಗತಿಯನ್ನು ಸೂಚಿಸುವುದಕ್ಕಾಗಿ ಮಾತ್ರ ಹೆಸರಿಸಿದ್ದೇವೆ. ಪ್ರಕೃತ ಲೇಖನದ ವಿಮರ್ಶೆಯು ಯಾವುದೊಂದು ಶಾಲೆಯನ್ನೂ ಕುರಿತುದಲ್ಲ. ಅಂತಹ ಶಾಲೆಗಳ ಹಿಂದಿರುವ ಒಂದು ವಿಚಾರವನ್ನು ಕುರಿತುದು.

ಆ ವಿಚಾರವೆಂದರೆ ಇದು: ಬೇರೆ ಬೇರೆ ದೇಶಗಳ ಮಕ್ಕಳೂ ಅಧ್ಯಾಪಕರೂ ಒಂದೆಡೆ ಸೇರಿ ಕಲಿತರೆ ಸಂಸ್ಕೃತಿಗಳ ಪರಸ್ಪರ ತಿಳಿವಳಿಕೆಯು ಬೆಳೆಯುತ್ತದೆ, ಅದು ಬೆಳೆಯಬೇಕಾದರೆ ಅಧ್ಯಾಪಕನು ತಾನು ಎಲ್ಲವನ್ನೂ ಬಲ್ಲವನೆಂಬ ಗರ್ವವನ್ನು ಬಿಟ್ಟು, ತನ್ನ ಅರಿವಿನ ಮಿತಿಯನ್ನು ವಿದ್ಯಾರ್ಥಿಗಳ ಮುಂದೆ ತೆರೆದಿಡಬೇಕು. ಈ ಮಾತಿನ ಪೂರ್ವಾರ್ಧವು ಅಪೂರ್ಣವೆಂದೂ, ಉತ್ತರಾರ್ಧವು ಸತ್ಯವಾದರೂ ಅದನ್ನು ಹೇಳುತ್ತಿರುವ ರೀತಿಯು ಅನ್ಯಾಯವಾದುದೆಂದೂ ತೋರಿಸುವುದೇ ನಮ್ಮ ಉದ್ದೇಶ.

ಪರಿಭಾಷೆಯ ವಿಷಯವಾಗಿ ಒಂದು ಮಾತು. ಅಧ್ಯಾಪಕನು ಪೆಟ್ಟಿಗೆ ಗುರಿಯಾಗಬಹುದಾದ ಸ್ಥಿತಿಯನ್ನು ಪಾಶ್ಚಾತ್ಯ ಶಿಕ್ಷಣತಜ್ಞರು ಒಂದೇ ಶಬ್ದದಿಂದ ನಿರ್ದೇಶಿಸುತ್ತಾರೆ. ಅದನ್ನು ಕನ್ನಡದಲ್ಲಿ ‘ದೌರ್ಬಲ್ಯ’ವೆಂದರೆ ಸರಿಹೋಗದು, ಬಲಶಾಲಿಯೂ ಪೆಟ್ಟಿಗೆ ಗುರಿಯಾಗಬಲ್ಲನಷ್ಟೆ. ‘ಅಭೇದ್ಯ’ವೆಂಬ ಶಬ್ದವು ಕೋಟೆಕೊತ್ತಲಗಳ ವರ್ಣನೆಯಿಂದ ನಮಗೆ ಪರಿಚಿತವಾಗಿರುವುದರಿಂದ ಅದರ ವಿರುದ್ಧಪದವನ್ನು ಗ್ರಹಿಸಿ ‘ಭೇದ್ಯತೆ’ ಎಂದು ಇಲ್ಲಿ ಬಳಸಿದ್ದೇವೆ.

೨

ಅಂತರರಾಷ್ಟ್ರೀಯ ಶಾಲೆಯೆಂಬುದು ಇಪ್ಪತ್ತನೆಯ ಶತಮಾನದ ಕೂಸು. ಮೊದಲನೆಯ ಮಹಾಯುದ್ಧದ ಅನಂತರ ರಾಷ್ಟ್ರಗಳ ಒಕ್ಕೂಟದ ಅಧಿಕಾರಿಗಳ ಮಕ್ಕಳಿಗಾಗಿ ೧೯೨೪ರಲ್ಲಿ ಜಿನೀವಾ ನಗರದಲ್ಲಿ ಸ್ಥಾಪಿತವಾದ ಶಾಲೆಯು ಅದರ ಆದಿಯೆಂದು ಗಣಿತವಾಗಿದೆ. ಅದೇ ನಗರದಲ್ಲಿ ೧೯೬೮ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆಯು ಹುಟ್ಟಿತು. ನಮ್ಮ ದೇಶದಲ್ಲಿ ಅದರ ಪಠ್ಯಕ್ರಮವನ್ನು ೧೯೭೬ರಲ್ಲಿ ಮೊದಲು ಸ್ವೀಕರಿಸಿದುದು ಕೊಡೈಕನಾಲಿನ ಶಾಲೆ. ಅದು ೧೯೦೧ರಲ್ಲಿ ಅಮೆರಿಕದ ಮಿಷನರಿಗಳು ತಮ್ಮ ಮಕ್ಕಳಿಗಾಗಿ ಕಟ್ಟಿದ ಶಾಲೆಯಾಗಿದ್ದಿತು. ಈ ಸಂಸ್ಥೆಯು ಸಂಸ್ಕೃತಿಗಳ ಪರಸ್ಪರ ತಿಳಿವಳಿಕೆಯನ್ನು ತನ್ನ ಧ್ಯೇಯವಾಕ್ಯದಲ್ಲಿಯೇ ಸೇರಿಸಿಕೊಂಡಿದೆ; ಅರಿಯದುದನ್ನು ಧೈರ್ಯದಿಂದ ಎದುರಿಸುವುದನ್ನು ವಿದ್ಯಾರ್ಥಿಯ ಮುಖ್ಯ ಗುಣಗಳಲ್ಲೊಂದನ್ನಾಗಿ ಎಣಿಸಿದೆ. ವಿದ್ಯಾರ್ಥಿಯಲ್ಲಿ ಬಯಸುವ ಗುಣವು ಅಧ್ಯಾಪಕನಲ್ಲಿಯೂ ಇರಬೇಕೆಂಬುದು ಸಹಜವಾದ ನಿರೀಕ್ಷೆ.

ಆದರೆ ಅಧ್ಯಾಪಕನ ಭೇದ್ಯತೆಯು ಆತನ ಮನೋಧರ್ಮದ ಫಲವೆಂದಷ್ಟೇ ತಿಳಿಯುವುದು ಸಾಧುವಲ್ಲ. ಬೆಲ್ಜಿಯಂ ದೇಶದ ಶಿಕ್ಷಣತಜ್ಞರಾದ ಗೀರ್ಟ್ ಕೆಲ್ಟರ್‌ಮನ್ಸ್ ಅವರು ೧೯೯೬ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಮೊದಲ್ಗೊಂಡು ಪ್ರತಿಪಾದಿಸುತ್ತ ಬಂದಿರುವ ವಿಚಾರವು ಇಲ್ಲಿ ಗಮನಾರ್ಹವಾಗಿದೆ. ಅಧ್ಯಾಪಕನು ಕೆಲಸ ಮಾಡುವ ಪರಿಸ್ಥಿತಿಯು ಆತನ ಹಿಡಿತದಲ್ಲಿಲ್ಲ. ವಿದ್ಯಾರ್ಥಿಯ ಏಳಿಗೆಯು ತನ್ನ ಬೋಧನೆಯ ಫಲವೇ ಎಂದು ಆತನು ಪೂರ್ಣವಾಗಿ ಸಾಧಿಸಿ ತೋರಿಸಲಾರನು. ತರಗತಿಯಲ್ಲಿ ಆತನು ಕ್ಷಣಕ್ಷಣಕ್ಕೂ ಮಾಡುವ ನಿರ್ಣಯಗಳಿಗೆ ಸಂದೇಹಾತೀತವಾದ ಆಧಾರವಿಲ್ಲ. ಆದುದರಿಂದ ಭೇದ್ಯತೆಯು ಆ ವೃತ್ತಿಯ ರಚನೆಯಲ್ಲಿಯೇ ಇರುವ ಲಕ್ಷಣವೇ ಹೊರತು ಕೆಲವರಲ್ಲಿ ಮಾತ್ರ ಕಾಣುವ ಭಾವವಲ್ಲ. ಇದು ಅವರ ವಾದದ ಸಾರ.

ಈ ವಾದವನ್ನು ನಾವು ಒಪ್ಪುತ್ತೇವೆ. ಒಪ್ಪಿ, ಅದಕ್ಕೆ ಒಂದು ವಿಭಾಗವನ್ನು ಸೇರಿಸಬಯಸುತ್ತೇವೆ. ಭೇದ್ಯತೆಯಲ್ಲಿ ಎರಡು ಬಗೆಗಳುಂಟು. ತನ್ನ ಸ್ಥಾನವು ಭದ್ರವಾಗಿದ್ದರೂ ಕಲಿಯುವ ಬಯಕೆಯಿಂದ ತನ್ನ ಅಜ್ಞಾನವನ್ನು ಇತರರ ಮುಂದೆ ಒಡ್ಡಿಕೊಳ್ಳುವುದು ಒಂದು. ಸ್ಥಾನವೇ ಭದ್ರವಾಗಿಲ್ಲದುದರಿಂದ ಯಾರ ಮಾತಿಗಾದರೂ ಯಾವಾಗಲಾದರೂ ಗುರಿಯಾಗಬೇಕಾದುದು ಇನ್ನೊಂದು. ಮೊದಲನೆಯದನ್ನು ‘ಒಡ್ಡಿಕೆ’ ಎಂದೂ ಎರಡನೆಯದನ್ನು ‘ಅಭದ್ರತೆ’ ಎಂದೂ ಕರೆಯೋಣ. ಹೊರನೋಟಕ್ಕೆ ಇವೆರಡೂ ಒಂದರಂತೆ ಕಂಡರೂ ಫಲದಲ್ಲಿ ಪರಸ್ಪರ ವಿರುದ್ಧವಾದುವು. ಅಭದ್ರನಾದವನು ತನ್ನನ್ನು ಒಡ್ಡಿಕೊಳ್ಳಲಾರನು. ಆತನಿಗೆ ಮುಚ್ಚಿಡುವುದೇ ರಕ್ಷೆ. ಕರ್ಣನು ಕವಚಕುಂಡಲಗಳನ್ನು ದಾನ ಮಾಡಿದನೆಂದು ನಾವು ಕೊಂಡಾಡುತ್ತೇವೆ. ಕೊಡುವುದಕ್ಕೆ ಮೊದಲು ಅವು ಆತನಲ್ಲಿದ್ದುವೆಂಬುದನ್ನೂ, ಬೇಡಲು ಬಂದವನು ವೇಷ ಮರೆಸಿಕೊಂಡ ಇಂದ್ರನೆಂಬುದನ್ನೂ ಮರೆಯಬಾರದು. ಅಧ್ಯಾಪಕನಿಗೆ ಭದ್ರತೆಯನ್ನು ಕೊಡದೆ ‘ನಿನ್ನನ್ನು ಒಡ್ಡಿಕೊ’ ಎಂದು ಉಪದೇಶಿಸುವ ಸಂಸ್ಥೆಯು ಇಲ್ಲದ ಕವಚವನ್ನು ಬೇಡಿದಂತಾಗುತ್ತದೆ.

೩

ಈ ವಿಭಾಗವು ಶಬ್ದಮಾತ್ರದ್ದಲ್ಲವೆಂಬುದಕ್ಕೆ ಕನ್ನಡನಾಡಿನ ಚರಿತ್ರೆಯೇ ಸಾಕ್ಷಿ. ಅಂತರರಾಷ್ಟ್ರೀಯ ಶಾಲೆಯು ದೇವನಹಳ್ಳಿಗೆ ವಿಮಾನದಲ್ಲಿ ಬಂದಿಳಿದ ಹೊಸ ವಸ್ತುವೆಂದು ಭಾವಿಸುವವರುಂಟು. ಪರದೇಶದ ಗುರು ಅಥವಾ ಶಿಷ್ಯ ಮತ್ತು ಈ ನೆಲದ ಭಾಷೆ, ಇವೆರಡೂ ಒಂದೇ ಕೋಣೆಯಲ್ಲಿ ಸಂಧಿಸಿದ ಪ್ರಸಂಗಗಳು ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೂ ನಮ್ಮಲ್ಲಿ ನಡೆದಿವೆ. ಅವುಗಳಲ್ಲಿ ಮೂರು ಮಾದರಿಗಳನ್ನು ಗುರುತಿಸಬಹುದು.

ಮೊದಲನೆಯದು ಮುನ್ಷಿಯ ಮಾದರಿ. ೧೮೧೨ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯ ಸರ್ಕಾರವು ಒಂದು ಕಾಲೇಜನ್ನು ಸ್ಥಾಪಿಸಿತು. ಇಂಗ್ಲೆಂಡಿನಿಂದ ಬಂದ ಎಳೆಯ ಅಧಿಕಾರಿಗಳು ಅಲ್ಲಿ ತೆಲುಗು, ತಮಿಳು, ಕನ್ನಡ ಮೊದಲಾದ ಭಾಷೆಗಳನ್ನು ದೇಶೀಯ ವಿದ್ವಾಂಸರಿಂದ ಕಲಿತು ಪರೀಕ್ಷೆಗೆ ಕೂಡಬೇಕಾಗಿದ್ದಿತು. ಇಲ್ಲಿ ಗುರುವು ಬಡವ, ಶಿಷ್ಯನು ಆಳುವವ. ಶಿಷ್ಯನ ಉಚ್ಚಾರಣೆಯನ್ನು ತಿದ್ದುವ ಹಕ್ಕು ಗುರುವಿಗೆ ವಿದ್ಯೆಯಿಂದ ಬಂದಿತ್ತು. ಗುರುವಿನ ಅನ್ನದ ಮೇಲಿನ ಹಕ್ಕು ಶಿಷ್ಯನ ವರ್ಗದ ಕೈಯಲ್ಲಿತ್ತು. ಈ ಸಂಬಂಧದಿಂದ ಉಪಯುಕ್ತವಾದ ಗ್ರಂಥಗಳು ಹುಟ್ಟಲಿಲ್ಲವೆಂದು ಯಾರೂ ಹೇಳಲಾರರು. ೧೮೨೦ರಲ್ಲಿ ಮದರಾಸಿನಲ್ಲಿ ಅಚ್ಚಾದ ಮ್ಯಾಕ್‌ಕೆರೆಲ್ ಅವರ ಕನ್ನಡ ವ್ಯಾಕರಣ, ಆಮೇಲೆ ಬಂದ ರೀವ್ ಅವರ ನಿಘಂಟು, ಇವೆಲ್ಲ ಮುನ್ಷಿಗಳ ವಿದ್ಯೆಯನ್ನು ಅವಲಂಬಿಸಿದುವು. ಆದರೆ ಅವುಗಳ ಮುಖಪುಟಗಳಲ್ಲಿ ಶಿಷ್ಯನ ಹೆಸರಿದೆ, ಗುರುವಿನ ಹೆಸರಿಲ್ಲ. ಭಾಷೆಯ ತಿಳಿವಳಿಕೆಯು ಒಬ್ಬರಿಂದ ಇನ್ನೊಬ್ಬರಿಗೆ ಹರಿಯಿತು. ಮಾನವು ಅದೇ ದಾರಿಯಲ್ಲಿ ಹಿಂದಿರುಗಿ ಬರಲಿಲ್ಲ. ಇದನ್ನು ಪರಸ್ಪರ ತಿಳಿವಳಿಕೆಯೆನ್ನಲು ನಾವು ಸಿದ್ಧರಿಲ್ಲ.

ಎರಡನೆಯದು ಮಂಗಳೂರಿನ ಮಾದರಿ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರು ೧೮೩೬ರಲ್ಲಿ ಈ ನಾಡಿಗೆ ಬಂದರು. ಅವರು ತಮ್ಮ ವಿದ್ಯಾರ್ಥಿಗಳೊಡನೆಯೇ ವಾಸಮಾಡುತ್ತ, ಅವರಿಗೆ ಕಲಿಸುತ್ತ, ಅವರಿಂದ ನಾಡಿನ ನುಡಿಯನ್ನೂ ನಡೆಯನ್ನೂ ಕಲಿತರು. ೧೮೪೩ರ ಜುಲೈ ೧ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆ. ಅನಂತರ ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ದ್ರವ್ಯಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕ್ರೈಸ್ತಮತವನ್ನು ಹರಡಲು ಬಂದವರು ಶೈವ, ವೈಷ್ಣವ ಕೃತಿಗಳ ಪ್ರಕಾಶಕರಾದುದು ಸಾಮಾನ್ಯವಾದ ಸಂಗತಿಯಲ್ಲ.

ಫರ್ಡಿನಂಡ್ ಕಿಟ್ಟೆಲ್ ಅವರದೂ ಇದೇ ಜಾಡು. ೧೮೫೩ರಲ್ಲಿ ಬಂದ ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹೇಳುವ ‘ಕಥಾಮಾಲೆ’ಯನ್ನು ೧೮೬೨ರಲ್ಲಿ ಪ್ರಕಟಿಸಿದರು; ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿದರು; ೧೮೯೪ರಲ್ಲಿ ಸುಮಾರು ೭೦,೦೦೦ ಶಬ್ದಗಳ ನಿಘಂಟನ್ನು ನಾಡಿಗೆ ಕೊಟ್ಟರು. ಉಪದೇಶದ ಕಾರ್ಯಕ್ಕಿಂತ ಭಾಷಾವ್ಯಾಸಂಗಕ್ಕೆ ಅವರು ಹೆಚ್ಚು ಮನಸ್ಸು ಕೊಟ್ಟುದು ಮಿಷನ್ನಿನ ಹಿರಿಯರಿಗೆ ಪೂರ್ಣವಾಗಿ ಒಪ್ಪಿಗೆಯಾಗಿರಲಿಲ್ಲ. ಹೀಗೆ ಅವರ ಒಡ್ಡಿಕೆಯು ಎರಡು ಕಡೆಗೆ: ತಪ್ಪು ಕನ್ನಡವನ್ನಾಡಿ ತಿದ್ದಿಸಿಕೊಳ್ಳುವ ಕಲಿಯುವವನಾಗಿ ಪಂಡಿತರ ಮುಂದೆ, ಕಲಿತುದನ್ನು ಸಮರ್ಥಿಸಬೇಕಾದವನಾಗಿ ತನ್ನವರ ಮುಂದೆ. ಆದರೂ ಮಿಷನ್ನು ಅವರನ್ನು ಹೊರಗಟ್ಟಲಿಲ್ಲ. ಆ ನಿಘಂಟು ಅದರ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಅಸಮಾಧಾನದ ನಡುವೆಯೂ ಅವರಿಗೊಂದು ನೆಲೆಯಿದ್ದಿತು. ಈ ಕೊನೆಯ ಅಂಶವು ನಮ್ಮ ವಾದಕ್ಕೆ ಮುಖ್ಯವಾದುದು.

ಮೂರನೆಯದು ಗೋಡೆಯ ಮಾದರಿ. ಬೆಂಗಳೂರಿನ ದಂಡುಪ್ರದೇಶದಲ್ಲಿ ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಾಗಿ ಪ್ರತ್ಯೇಕವಾದ ಶಾಲೆಗಳು ಏರ್ಪಟ್ಟುವು. ೧೮೬೫ರಲ್ಲಿ ಸ್ಥಾಪಿತವಾದ ಬಿಷಪ್ ಕಾಟನ್ ಶಾಲೆಯು ಆರಂಭದಲ್ಲಿ ಅಂತಹುದೇ ಆಗಿದ್ದಿತು. ಇಲ್ಲಿ ಮಕ್ಕಳು ಭಾರತದಲ್ಲಿದ್ದರೂ ಇಂಗ್ಲೆಂಡಿನಲ್ಲಿರುವಂತೆ ಬೆಳೆಯಬೇಕೆಂಬುದೇ ಆದರ್ಶ. ಹೊರಗಿನ ಭಾಷೆಯು ಸೇವಕರೊಡನೆ ಆಡುವ ಭಾಷೆಯಾಯಿತು. ಪೇಟೆಯ ಊರು ಪರವೂರಾಯಿತು. ಆ ಶಾಲೆಗಳ ಪೈಕಿ ಹಲವು ಕಾಲಕ್ರಮದಲ್ಲಿ ಬಾಗಿಲು ತೆರೆದು ನಾಡಿನ ಮಕ್ಕಳನ್ನೆಲ್ಲ ಬರಮಾಡಿಕೊಂಡುವೆಂಬುದು ಸಂತೋಷದ ಸಂಗತಿ. ಆದರೆ ಮಾದರಿಯೆಂಬುದು ಸಂಸ್ಥೆಗಿಂತ ದೀರ್ಘಾಯುಷಿ.

ಇಂದಿನ ಅಂತರರಾಷ್ಟ್ರೀಯ ಶಾಲೆಯು ಈ ಮೂವರು ಪೂರ್ವಿಕರ ವಾರಸುದಾರನೆಂಬುದು ನಮ್ಮ ಮತ. ಆಚರಣೆಯಲ್ಲಿ ಅದು ಯಾರ ಆಸ್ತಿಯನ್ನು ಹೆಚ್ಚಾಗಿ ಪಡೆದಿದೆಯೆಂಬುದು ಪ್ರಶ್ನೆ. ಧ್ಯೇಯವಾಕ್ಯವು ಎರಡನೆಯವನದು. ಕಾಂಪೌಂಡು ಮೂರನೆಯವನದು. ಕನ್ನಡ ಅಧ್ಯಾಪಕನ ಸ್ಥಾನವೋ ಬಹುಮಟ್ಟಿಗೆ ಮೊದಲನೆಯವನದು.

೪

ಇಷ್ಟರಲ್ಲಿಯೇ ಮುಂದುವರಿಯದೆ, ಈ ನಾಲ್ಕು ತಾಲ್ಲೂಕುಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಉದಾಹರಣೆಯನ್ನು ಪರಿಶೀಲಿಸಬೇಕು. ಬೆಂಜಮಿನ್ ಲೂಯಿ ರೈಸ್ ಅವರು ಶಾಸನಗಳ ಸಂಪಾದಕರೆಂದು ಪ್ರಸಿದ್ಧರು. ಅವರು ಮೊದಲು ಅಧ್ಯಾಪಕರೆಂಬುದನ್ನು ನಾವು ಮರೆಯುತ್ತೇವೆ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಮಿಷನರಿಯೊಬ್ಬರ ಮಗನಾಗಿ ಹುಟ್ಟಿದ ಅವರು ಇಂಗ್ಲೆಂಡಿನಲ್ಲಿ ಓದಿ, ೧೮೬೦ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಹಿಂದಿರುಗಿದರು. ತರುವಾಯ ಶಾಲಾ ತನಿಖಾಧಿಕಾರಿಯಾಗಿಯೂ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿಯೂ ಸಂಸ್ಥಾನವನ್ನೆಲ್ಲ ಸುತ್ತಿದರು. ಹೋಬಳಿಗೊಂದು ಶಾಲೆಯಿರಬೇಕೆಂಬ ೧೮೬೮ರ ಯೋಜನೆಯು ಅವರದೇ. ಹಳ್ಳಿಯ ಶಾಲೆಗಳನ್ನು ನೋಡಲು ಹೋದ ಅಧಿಕಾರಿಯ ಕಣ್ಣಿಗೆ ಹಳ್ಳಿಯ ಕಲ್ಲುಗಳೂ ಬಿದ್ದುವು. ೧೮೮೬ರಿಂದ ೧೯೦೫ರವರೆಗೆ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ೧೨ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಸಂಗ್ರಹಗೊಂಡಿವೆ. ಅವುಗಳಲ್ಲಿ ೯ನೆಯ ಸಂಪುಟವು ಬೆಂಗಳೂರು ಜಿಲ್ಲೆಯದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳು ಅದರಲ್ಲಿವೆ.

ಈ ಮಹಾಕಾರ್ಯವು ಒಬ್ಬರಿಂದಾದುದಲ್ಲ. ಕಲ್ಲನ್ನು ತೋರಿಸಿದವರು ಊರಿನವರು. ಅಚ್ಚು ತೆಗೆದು ಓದಲು ನೆರವಾದವರು ಇಲಾಖೆಯ ಪಂಡಿತರು. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ೧೯೦೬ರಲ್ಲಿ ಅವರ ಸ್ಥಾನಕ್ಕೇ ಬಂದರು. ಮುನ್ಷಿಯ ಮಾದರಿಯಲ್ಲಿ ಎಂದೂ ನಡೆಯದ ಸಂಗತಿಯಿದು: ನೆರವಾದವನು ಪೀಠಕ್ಕೇರಿದನು. ಇದಲ್ಲದೆ ರೈಸ್ ಅವರ ವಾಚನಗಳು ವಿವಾದಕ್ಕೆ ತೆರೆದುಕೊಂಡಿದ್ದುವು. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೃತಕವೆಂದು ಫ್ಲೀಟ್ ಅವರು ಬಹುಕಾಲ ವಾದಿಸಿದರು. ರೈಸ್ ಅವರು ಪ್ರತಿವಾದ ಹೂಡಿದರು. ಅವರ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಮುದ್ರಿಸುವ ಕಾರ್ಯವನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಕೈಗೊಂಡಿತು. ತಿದ್ದುಪಡಿಗೆ ಗುರಿಯಾದುದರಿಂದ ರೈಸ್ ಅವರ ಕೀರ್ತಿಯು ಕುಂದಲಿಲ್ಲ. ತಿದ್ದಬಹುದಾದಂತೆ ಆಧಾರಸಮೇತ ಬರೆದಿಟ್ಟುದೇ ಅವರ ಕೀರ್ತಿ. ಅಧ್ಯಾಪಕನ ಒಡ್ಡಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಅವರಿಗೆ ಅದು ಸಾಧ್ಯವಾದುದಕ್ಕೆ ಕಾರಣಗಳಲ್ಲೊಂದು, ಒಂದು ಓದು ತಪ್ಪಾದ ಮಾತ್ರಕ್ಕೆ ಉದ್ಯೋಗವು ಹೋಗುವ ಭಯವಿರಲಿಲ್ಲವೆಂಬುದು.

ಈ ಸಂಪುಟದ ಸಾಮಗ್ರಿಯು ಇಂದಿನ ಅಂತರರಾಷ್ಟ್ರೀಯ ಶಾಲೆಗಳ ಬಾಗಿಲಲ್ಲಿಯೇ ಬಿದ್ದಿದೆ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಮಾನ್ಯಪುರ, ಅಲ್ಲಿಯ ಕ್ರಿ. ಶ. ೭೯೭ರ ತಾಮ್ರಪಟವು ಜಿನಾಲಯಕ್ಕೆ ಕೊಟ್ಟ ದಾನವನ್ನು ದಾಖಲಿಸಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಈ ಶತಮಾನದ ಆರಂಭದಲ್ಲಿ ನಡೆದ ಉತ್ಖನನದಿಂದ ಬೌದ್ಧ ಚೈತ್ಯವಿಹಾರಗಳ ಅವಶೇಷಗಳೂ ಹರಕೆಗೆ ಒಪ್ಪಿಸಿದ ಮಣ್ಣಿನ ಕಿರುಸ್ತೂಪಗಳೂ ದೊರೆತಿವೆ. ಸಂಸ್ಕೃತಿಗಳು ಒಂದರೊಡನೊಂದು ಬಾಳಿದ ಬಗೆಯನ್ನು ತಿಳಿಯಲು ಜಿನೀವಾಕ್ಕೆ ಹೋಗಬೇಕಾಗಿಲ್ಲ. ಆದರೆ ಈ ಕಲ್ಲುಗಳ ಮುಂದೆ ಪರದೇಶದ ಅಧ್ಯಾಪಕನು ಅಜ್ಞಾನಿಯಾಗುತ್ತಾನೆ, ಊರಿನ ಮುದುಕನು ಬಲ್ಲವನಾಗುತ್ತಾನೆ. ಆ ವ್ಯತ್ಯಾಸವನ್ನು ಮಕ್ಕಳ ಮುಂದೆ ತಾಳಿಕೊಳ್ಳಲು ಅಧ್ಯಾಪಕನು ಒಪ್ಪಿದರೆ ಅಂದಿನ ಪಾಠವು ನಿಜವಾದ ಪಾಠ. ವರ್ಷಕ್ಕೊಂದು ದಿನ ನಾನಾ ದೇಶಗಳ ಉಡುಪುಗಳನ್ನುಟ್ಟು ನಾನಾ ದೇಶಗಳ ತಿನಿಸುಗಳನ್ನು ಹಂಚಿಕೊಳ್ಳುವ ಉತ್ಸವವು ಮನೋಹರವೇ ಆದರೂ ಅಲ್ಲಿ ಯಾರೂ ಅಜ್ಞಾನಿಗಳಾಗಬೇಕಾಗಿಲ್ಲ; ಆದುದರಿಂದ ಯಾರೂ ಕಲಿಯುವುದೂ ಇಲ್ಲ.

೫

ಈಗ ವರ್ತಮಾನ ಸ್ಥಿತಿಯನ್ನು ನೋಡೋಣ. ಇಂತಹ ಶಾಲೆಯಲ್ಲಿ ಸಾಮಾನ್ಯವಾಗಿ ಎರಡು ವರ್ಗದ ಅಧ್ಯಾಪಕರಿರುತ್ತಾರೆ. ಪರದೇಶದಿಂದ ಬಂದವರ ಕರಾರು ಬಹುಮಟ್ಟಿಗೆ ಅಲ್ಪಾವಧಿಯದು. ಅವರು ಈ ದೇಶದಲ್ಲಿರುವ ಅನುಮತಿಯೂ ನೇಮಿಸಿಕೊಂಡ ಸಂಸ್ಥೆಯನ್ನೇ ಅವಲಂಬಿಸಿರುತ್ತದೆ. ಉದ್ಯೋಗವು ಹೋದರೆ ಊರೂ ಹೋಯಿತು. ಎರಡನೆಯ ವರ್ಗವು ಈ ನಾಡಿನವರದು. ಇವರ ಸ್ಥಿತಿಯನ್ನು ಕುರಿತು ನ್ಯಾಯಶಾಸ್ತ್ರವು ಏನು ಹೇಳುತ್ತದೆಂಬುದನ್ನು ಗಮನಿಸಬೇಕು. ೧೯೮೮ರಲ್ಲಿ ಸುಂದರಾಂಬಾಳ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧ್ಯಾಪಕರು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ತೀರ್ಮಾನಿಸಿತು. ಬೋಧನೆಯು ಪವಿತ್ರವಾದ ವೃತ್ತಿಯೆಂಬ ಗೌರವವು ಆ ತೀರ್ಪಿನ ಹಿಂದೆ ಇದ್ದಿತು. ಆದರೆ ಆ ಗೌರವದ ಪರಿಣಾಮವಾಗಿ ಗಿರಣಿಯ ಕೂಲಿಯವನಿಗಿದ್ದ ರಕ್ಷಣೆಯು ಗುರುವಿಗೆ ಇಲ್ಲವಾಯಿತು. ಗ್ರಾಚ್ಯುಯಿಟಿಯ ಹಕ್ಕಿಗಾಗಿಯೂ ಖಾಸಗಿ ಶಾಲೆಯ ಅಧ್ಯಾಪಕರು ೨೦೦೯ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಶಾಲೆಗಳು ಅದನ್ನೂ ಪ್ರಶ್ನಿಸಿದುದರಿಂದ ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಬೇಕಾಯಿತು.

ಈ ಎರಡನೆಯ ವರ್ಗದಲ್ಲಿಯೂ ಕನ್ನಡ ಅಧ್ಯಾಪಕನದು ವಿಶೇಷವಾದ ಸ್ಥಾನ. ಕನ್ನಡ ಭಾಷಾ ಕಲಿಕೆಯ ೨೦೧೫ರ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಕಲಿಸಬೇಕೆಂದು ವಿಧಿಸಿತು. ಶಿಕ್ಷಣಮಾಧ್ಯಮವನ್ನು ರಾಜ್ಯವು ಹೇರಲಾಗದೆಂದು ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ತರುವಾಯ ಬಂದ ಕಾನೂನಿದು. ಅದರ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೂ ವಿಮರ್ಶೆಯ ಮಾತೊಂದನ್ನು ಆಡದೆ ಗತ್ಯಂತರವಿಲ್ಲ. ಕಾನೂನು ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಪಿರಿಯಡ್ಡನ್ನು ದೊರಕಿಸಿಕೊಡಬಲ್ಲುದು. ಅಧ್ಯಾಪಕರ ಕೊಠಡಿಯಲ್ಲಿ ಕನ್ನಡ ಅಧ್ಯಾಪಕನಿಗೆ ಸಮಾನವಾದ ಕುರ್ಚಿಯನ್ನು ದೊರಕಿಸಿಕೊಡಲಾರದು. ಕಡ್ಡಾಯಕ್ಕಾಗಿ ಇಟ್ಟುಕೊಂಡ ವಿಷಯದ ಅಧ್ಯಾಪಕನೆಂದು ಆತನನ್ನು ಕಂಡರೆ, ಎರಡು ಶತಮಾನಗಳ ಹಿಂದಿನ ಮುನ್ಷಿಯೇ ಕೋಟು ತೊಟ್ಟು ಬಂದಂತಾಗುತ್ತದೆ. ಗುರುವಿಗಿಂತ ಶಿಷ್ಯನ ಮನೆ ದೊಡ್ಡದು. ಗುರುವಿನ ಭಾಷೆಯನ್ನು ಶಿಷ್ಯನು ಡ್ರೈವರಿನೊಡನೆ ಆಡುತ್ತಾನೆ. ಸಂಸ್ಕೃತಿಗಳ ನಡುವೆ ಸೇತುವೆಯಾಗಬಲ್ಲವನು ಆ ಶಾಲೆಯಲ್ಲಿ ಆತನೊಬ್ಬನೇ. ಆತನೇ ಎಲ್ಲರಿಗಿಂತ ಹೆಚ್ಚು ಅಭದ್ರನು.

ಈ ಅಭದ್ರತೆಯ ಫಲವನ್ನು ಅರಿಯಲು ಒಂದು ಪ್ರಸಂಗವನ್ನು ಕಲ್ಪಿಸಿಕೊ‍ಳ್ಳೋಣ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳಲ್ಲಿ ೧,೭೭೭ ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯತ್ನದ ವಿರುದ್ಧ ರೈತರು ೨೦೨೨ರಿಂದ ಮೂರು ವರ್ಷಗಳಿಗೂ ಮೇಲ್ಪಟ್ಟು ಧರಣಿ ನಡೆಸಿದರು. ೨೦೨೫ರ ಜುಲೈ ೧೫ರಂದು ಸರ್ಕಾರವು ಆ ಸ್ವಾಧೀನವನ್ನು ಕೈಬಿಟ್ಟುದಾಗಿ ಘೋಷಿಸಿತು. ಸಮೀಪದ ಅಂತರರಾಷ್ಟ್ರೀಯ ಶಾಲೆಯೊಂದರ ಚರಿತ್ರೆಯ ತರಗತಿಗೆ ಇದಕ್ಕಿಂತ ತಕ್ಕ ವಿಷಯವಿಲ್ಲ. ಭೂಮಿಯೆಂದರೆ ಒಬ್ಬನಿಗೆ ಬೆಲೆ, ಇನ್ನೊಬ್ಬನಿಗೆ ಕುಲದೇವತೆಯ ನೆಲೆಯೂ ಅಜ್ಜನ ಸಮಾಧಿಯೂ ಆಗಿರಬಹುದೆಂಬುದನ್ನು ಮಕ್ಕಳು ಅಲ್ಲಿ ಕಲಿಯಬಹುದು. ಕೈಗಾರಿಕೆಯ ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬಹುದು. ಆದರೆ ತಂದೆತಾಯಿಗಳಲ್ಲೊಬ್ಬರು ಆಕ್ಷೇಪಿಸಿದರೆ ತನ್ನ ಕರಾರು ಮುಂದುವರಿಯುವುದೋ ಇಲ್ಲವೋ ಎಂದು ಯೋಚಿಸಬೇಕಾದ ಅಧ್ಯಾಪಕನು ಈ ವಿಷಯವನ್ನು ಎತ್ತಿಕೊಳ್ಳುವನೇ? ಫ್ರಾನ್ಸಿನ ಕ್ರಾಂತಿಯಲ್ಲಿ ರೈತರು ಬಂಡೆದ್ದುದನ್ನು ನಿರಾತಂಕವಾಗಿ ಪಾಠ ಹೇಳುವನು. ಹತ್ತು ಮೈಲಿಯಾಚೆಯ ರೈತರ ವಿಷಯದಲ್ಲಿ ಮೌನವಹಿಸುವನು. ಆ ಮೌನವನ್ನು ಅಂಜುಬುರುಕುತನವೆಂದು ಹಳಿಯುವುದು ಸುಲಭ. ಅದು ಸಂಸ್ಥೆಯ ರಚನೆಯಿಂದ ಹುಟ್ಟಿದ ಮೌನವೆಂಬುದನ್ನು ಕಾಣುವುದು ವಿಮರ್ಶಕನ ಕರ್ತವ್ಯ.

೬

ನಮ್ಮ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮಿಷನರಿಗಳನ್ನೂ ಆಂಗ್ಲ ಅಧಿಕಾರಿಗಳನ್ನೂ ಆದರ್ಶವಾಗಿ ತೋರಿಸುವುದು ಸರಿಯೇ ಎಂಬುದು ಮೊದಲನೆಯದು. ಅವರ ಭದ್ರತೆಯು ಸಾಮ್ರಾಜ್ಯದ ಬಲದಿಂದ ಬಂದುದೆಂಬುದನ್ನೂ, ಮತಾಂತರದ ಉದ್ದೇಶವು ಅವರ ವ್ಯಾಸಂಗದ ಹಿಂದೆ ಇದ್ದಿತೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ಅವರ ಉದ್ದೇಶಗಳನ್ನು ನಾವು ಅನುಕರಿಸಬೇಕಾಗಿಲ್ಲ. ಭದ್ರವಾದ ನೆಲೆಯಿದ್ದವರು ಶಿಷ್ಯರಾಗಬಲ್ಲರೆಂಬ ಸತ್ಯವನ್ನು ಮಾತ್ರ ಅವರಿಂದ ತೆಗೆದುಕೊಳ್ಳಬೇಕು. ಆ ನೆಲೆಯನ್ನು ಇಂದು ಸಾಮ್ರಾಜ್ಯವು ಕೊಡಬೇಕಾಗಿಲ್ಲ. ನ್ಯಾಯವಾದ ನೇಮಕದ ಪತ್ರವು ಕೊಡಬಲ್ಲುದು. ಭದ್ರತೆಯನ್ನು ಕೊಟ್ಟರೆ ಅಧ್ಯಾಪಕನು ಆಲಸಿಯಾಗುವನೆಂಬುದು ಎರಡನೆಯ ಆಕ್ಷೇಪಣೆ. ಕೆಲವರು ಆಗಬಹುದು. ಆದರೆ ಭದ್ರತೆಯುಳ್ಳವರೆಲ್ಲ ಕಲಿಯುತ್ತಾರೆಂದು ನಾವು ಹೇಳುತ್ತಿಲ್ಲ. ಭದ್ರತೆಯಿಲ್ಲದವರಿಗೆ ಕಲಿಯುವ ಅವಕಾಶವೇ ಇಲ್ಲವೆಂದು ಹೇಳುತ್ತಿದ್ದೇವೆ.

ಕಾರ್ಯರೂಪಕ್ಕೆ ತರಬಹುದಾದ ಕೆಲವು ಸಲಹೆಗಳನ್ನು ಸೂಚಿಸಬಹುದು. ಕನ್ನಡ ಅಧ್ಯಾಪಕರ ವೇತನ, ಸ್ಥಾನಮಾನಗಳು ಇತರ ಅಧ್ಯಾಪಕರಿಗೆ ಸಮವಾಗಿರಬೇಕು. ಪಠ್ಯಕ್ರಮವನ್ನು ಕುರಿತ ಸಭೆಗಳಲ್ಲಿ ಅವರ ಮಾತಿಗೆ ತೂಕವಿರಬೇಕು. ಪರದೇಶದ ಅಧ್ಯಾಪಕರು ಮೊದಲ ವರ್ಷದಲ್ಲಿ ತಮ್ಮ ಕನ್ನಡ ಸಹೋದ್ಯೋಗಿಗಳಿಂದಲೇ ಕನ್ನಡವನ್ನು ಕಲಿಯಬೇಕು. ಆ ಕಲಿಕೆಯು ಕೆಲಸದ ವೇಳೆಯಲ್ಲಿಯೇ, ಸಾಧ್ಯವಾದಷ್ಟೂ ಮಕ್ಕಳ ಕಣ್ಣೆದುರಿನಲ್ಲಿಯೇ ನಡೆಯಬೇಕು. ಗುರುವು ತಪ್ಪುತ್ತ ಕಲಿಯುವುದನ್ನು ಕಂಡ ಮಗುವಿಗೆ ಬೇರೆ ಉಪದೇಶವು ಬೇಕಾಗುವುದಿಲ್ಲ. ವಿವಾದಾಸ್ಪದವಾದ ಸ್ಥಳೀಯ ವಿಷಯವನ್ನು ಪ್ರಾಮಾಣಿಕವಾಗಿ ಪಾಠಮಾಡಿದ ಅಧ್ಯಾಪಕನನ್ನು ಸಂಸ್ಥೆಯು ಬೆಂಬಲಿಸುವುದೆಂಬ ಲಿಖಿತವಾದ ಆಶ್ವಾಸನೆಯಿರಬೇಕು.

ಕಡೆಯದಾಗಿ, ಈ ಪತ್ರಿಕೆಯ ವಾಚಕರಾದ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನು ಸಿರಿವಂತರ ಶಾಲೆಗಳ ಸಮಸ್ಯೆಯೆಂದು ತಿಳಿದು ಪುಟವನ್ನು ಮಗುಚಬಾರದೆಂದು ಪ್ರಾರ್ಥಿಸುತ್ತೇವೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿಯೂ ಬೋಧನೆಯ ದೊಡ್ಡ ಭಾಗವು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ವರ್ಷವರ್ಷವೂ ಬಾಗಿಲಲ್ಲಿ ನಿಲ್ಲಿಸಿ ಒಳಕ್ಕೆ ಕರೆಯುವವನನ್ನು ನಾಡಿನ ಸಂಪ್ರದಾಯವು ‘ಅತಿಥಿ’ ಎಂದು ಕರೆದಿಲ್ಲ. ಅವರ ತರಗತಿಗಳಲ್ಲಿಯೂ ನಾನಾ ಜಾತಿ, ಮತ, ಭಾಷೆಗಳ ಮಕ್ಕಳು ಕುಳಿತಿದ್ದಾರೆ. ದೊಡ್ಡಬಳ್ಳಾಪುರದ ನೇಕಾರನ ಮಗಳೂ ಉತ್ತರದೇಶದಿಂದ ವಲಸೆ ಬಂದ ಕಟ್ಟಡದ ಕೆಲಸಗಾರನ ಮಗನೂ ಒಂದೇ ಬೆಂಚಿನಲ್ಲಿರುವುದು ಅಪರೂಪವಲ್ಲ. ಸಂಸ್ಕೃತಿಗಳ ಪರಸ್ಪರ ತಿಳಿವಳಿಕೆಯ ಪರೀಕ್ಷೆಯು ಅಲ್ಲಿಯೂ ನಡೆಯುತ್ತಿದೆ. ‘ನನಗೆ ತಿಳಿಯದು, ನೀನು ಹೇಳು’ ಎಂದು ಅಧ್ಯಾಪಕನು ವಿದ್ಯಾರ್ಥಿಗೆ ನಿರ್ಭಯವಾಗಿ ಹೇಳಬಲ್ಲ ದಿನದಂದೇ ಆ ತಿಳಿವಳಿಕೆಯು ಮೊದಲಾಗುತ್ತದೆ. ಆ ನಿರ್ಭಯವನ್ನು ಅಧ್ಯಾಪಕನಿಗೆ ಒದಗಿಸುವುದು ಸಂಸ್ಥೆಗಳ ಹೊಣೆ.